ಗಂಟು ಬಿಡಿಸುವ ಪರೀಕ್ಷೆ

ನಮ್ಮೂರಿಗೆ ಹೆಸರಿಲ್ಲ. ಇಡಬೇಕು ಅಂತ ಹಿಂದೆ ಒಮ್ಮೆ ಎಲ್ಲರೂ ಸೇರಿದ್ದರಂತೆ. ಮೇಲಿನ ಕೇರಿಯವರು ಒಂದು ಹೆಸರು ಹೇಳಿದರು, ಕೆಳಗಿನ ಕೇರಿಯವರು ಇನ್ನೊಂದು ಹೇಳಿದರು, ಮಾತಿಗೆ ಮಾತು ಬೆಳೆಯಿತು, ಕೊನೆಗೆ ಊರಬಾಗಿಲ ಹಗ್ಗಕ್ಕೆ ಒಂದು ಗಂಟು ಬಿತ್ತು. ಆ ಗಂಟು ಇನ್ನೂ ಅಲ್ಲೇ ಇದೆ. ನಂಬಿಕೆ ಇಲ್ಲದಿದ್ದರೆ ಬಂದು ನೋಡಿ.

ಗಂಟು ಅಂದರೆ ಏನು ಅಂತ ಹೊರಗಿನವರು ಕೇಳುತ್ತಾರೆ. ಹೇಳುತ್ತೇನೆ, ಸಮಾಧಾನವಾಗಿ ಕೇಳಿ. ನಮ್ಮೂರಲ್ಲಿ ಜಗಳ ಬಂದರೆ ಕೂಗಾಡುವ ಹಾಗಿಲ್ಲ, ಕೈ ಮಾಡುವ ಹಾಗಿಲ್ಲ. ಯಾರಿಗೆ ಅನ್ಯಾಯವಾಯಿತು ಅನ್ನಿಸುತ್ತದೋ ಅವರು ತಮ್ಮ ಬಟ್ಟೆಯ ಅಂಚಿಗೆ ಒಂದು ಗಂಟು ಹಾಕಿಕೊಳ್ಳುತ್ತಾರೆ. ಹೆಂಗಸಾದರೆ ಸೆರಗಿಗೆ, ಗಂಡಸಾದರೆ ಶಲ್ಯಕ್ಕೆ. ಅಲ್ಲಿಂದ ಮುಂದೆ ಆ ಇಬ್ಬರೂ ಬೇರೆ ಏನು ಬೇಕಾದರೂ ಮಾತಾಡಬಹುದು. ಸಾರಿಗೆ ಉಪ್ಪು ಸಾಕಾ ಅನ್ನಬಹುದು, ಮೋಡ ಕಟ್ಟಿದೆ ಅನ್ನಬಹುದು. ಗಂಟಿನ ವಿಷಯ ಮಾತ್ರ ಎತ್ತುವ ಹಾಗಿಲ್ಲ. ಅದು ಗಂಟಿನೊಳಗೇ ಇರುತ್ತದೆ.

ಹಾಕಿದವರು ಅದನ್ನು ಬಿಚ್ಚುವಂತಿಲ್ಲ. ಯಾರ ಮೇಲೆ ಹಾಕಿದ್ದೋ ಅವರ ಕೈಯೇ ಬಿಚ್ಚಬೇಕು. ಅವರು ಯಾವಾಗ ಬಿಚ್ಚುತ್ತಾರೆ? ಗಂಟು ಹಾಕಿದವರು ಎದುರಿಗೆ ನಿಂತು, ತಮ್ಮ ಬಾಯಿಂದ, ಎದುರಿನವರ ಕಡೆಯ ಮಾತನ್ನು ಪೂರ್ತಿ ಹೇಳಿದಾಗ. ತಮ್ಮ ಕಡೆಯದ್ದಲ್ಲ, ಅವರ ಕಡೆಯದ್ದು. ಅದನ್ನು ಕೇಳಿ ಆ ಮನುಷ್ಯ "ಹೌದು, ಇದು ನನ್ನ ಮಾತು" ಅನ್ನಬೇಕು, ಆಮೇಲೆ ಬಿಚ್ಚಬೇಕು. ಎಷ್ಟು ಸಲೀಸು ಅನ್ನಿಸುತ್ತದೆ ಅಲ್ಲವಾ? ಮನೆಗೆ ಹೋಗಿ ನಿಮ್ಮ ನಾದಿನಿಯ ಕಡೆಯ ಮಾತು ಹೇಳಿ ನೋಡಿ, ಆಮೇಲೆ ನನ್ನ ಹತ್ತಿರ ಬನ್ನಿ.

ಬಟ್ಟೆ ಹಳೆಯದಾಗಿ ಹರಿದರೂ ಗಂಟಿರುವ ಅಂಚನ್ನು ಕತ್ತರಿಸಿ ಹೊಸ ಬಟ್ಟೆಗೆ ಹೊಲಿದುಕೊಳ್ಳುತ್ತೇವೆ. ನಮ್ಮ ಸೋದರತ್ತೆಯ ಸೆರಗು ಬೀಸಿದರೆ ಪೆಟ್ಟಾಗುತ್ತಿತ್ತು, ಅಷ್ಟು ಗಂಟು. ಪುಣ್ಯಾತ್ಗಿತ್ತಿ ಒಂದನ್ನೂ ಬಿಡಿಸಿಕೊಳ್ಳದೆ ಹೋದಳು.

ತಮ್ಮ ಬಾಯಲ್ಲಿ ಹೇಳಲಾಗದವರಿಗಾಗಿ ಊರ ನಡುವೆ ನ್ಯಾಯದ ಮನೆ ಇದೆ. ಅಲ್ಲಿ ಕಲಿತವರು ಬೇರೆಯವರ ಪರವಾಗಿ ಮಾತಾಡಿ ಗಂಟು ಬಿಡಿಸಿಕೊಡುತ್ತಾರೆ. ಆ ಮನೆಗೆ ಸೇರಬೇಕಾದರೆ ವರ್ಷಕ್ಕೊಮ್ಮೆ ಪರೀಕ್ಷೆ. ಪರೀಕ್ಷೆ ಒಳಗಲ್ಲ, ಹೆಬ್ಬಾಗಿಲ ಹೊರಗೆ, ಮೆಟ್ಟಿಲ ಮೇಲೆ, ಇಡೀ ಊರಿನ ಎದುರಿಗೆ. ಸೇರಬೇಕೆನ್ನುವವರು ತಮ್ಮದೇ ಒಂದು ಗಂಟಿನೊಂದಿಗೆ, ಆ ಗಂಟಿನ ಎದುರಾಳಿಯನ್ನೂ ಕರೆದುಕೊಂಡು ಬರಬೇಕು. ಎದುರಾಳಿ ಗಂಟನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಇವರು ಅವನಾಗಿ ಮಾತಾಡುತ್ತಾರೆ. ಗಂಟು ಬಿಚ್ಚಿದರೆ ಬಾಗಿಲು ತೆರೆಯುತ್ತದೆ. ಬಿಚ್ಚದಿದ್ದರೆ ಕತ್ತರಿಯವನು ಬಂದು ಗಂಟಿರುವ ಅಂಚನ್ನು ಕತ್ತರಿಸಿ ಒಲೆಗೆ ಹಾಕುತ್ತಾನೆ. ಕತ್ತರಿಸಿದ ಗಂಟು ಇನ್ನು ಯಾವತ್ತೂ ಬಿಚ್ಚುವುದಿಲ್ಲವಲ್ಲ, ಹಾಗಾಗಿ ಆ ಇಬ್ಬರು ಮತ್ತೆ ಒಬ್ಬರೊಡನೊಬ್ಬರು ಮಾತೇ ಆಡಬಾರದು. ಒಂದೇ ಸೂರಿನ ಕೆಳಗಿದ್ದರೂ ಅಷ್ಟೇ, ಸಾಯುವವರೆಗೂ ಅಷ್ಟೇ.

ಇಷ್ಟು ಭಯ ಇದ್ದಮೇಲೆ ಜನ ಸುಮ್ಮನಿರುತ್ತಾರಾ? ಪೇಟೆ ಬೀದಿಯಲ್ಲಿ ಒಬ್ಬ ಮೇಷ್ಟ್ರು ತಯಾರಿ ಮನೆ ತೆರೆದ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಸಣ್ಣ ಸಣ್ಣ ಜಗಳಗಳನ್ನು ಅವನೇ ಹೊಂದಿಸಿಕೊಡುತ್ತಿದ್ದ. ಚಿಕ್ಕಮ್ಮ ಮಜ್ಜಿಗೆಗೆ ನೀರು ಜಾಸ್ತಿ ಹಾಕಿದಳು ಅಂತ ಒಂದು ಗಂಟು. ಪಕ್ಕದ ಮನೆಯವನ ಕೋಳಿ ನಮ್ಮ ಅಂಗಳ ಕೆದಕಿತು ಅಂತ ಒಂದು ಗಂಟು. ಹೀಗೆ ಹಾಕು, ಹೀಗೆ ಹೇಳು, ಹೀಗೆ ಬಿಚ್ಚಿಸಿಕೋ. ಚಿಕ್ಕಮ್ಮನಿಗೂ ಮೊದಲೇ ಪಾಠ ಆಗಿರುತ್ತಿತ್ತು. ಮಕ್ಕಳೆಲ್ಲ ಮಜ್ಜಿಗೆ, ಕೋಳಿ ಅಂತ ಬಾಯಿಪಾಠ ಮಾಡಿಕೊಂಡು ಬೀದಿ ತುಂಬ ಓಡಾಡುವುದನ್ನು ನೋಡಬೇಕಿತ್ತು ನೀವು. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಆ ತಯಾರಿ ಮನೆಗೆ ಬಣ್ಣಗಾರನ ಮಗಳು ಬಂದಳು. ಎಳವೆಯಿಂದಲೂ ಆ ಹುಡುಗಿಗೆ ಒಂದೇ ಹುಚ್ಚು. ಯಾರ ಸೆರಗಿನಲ್ಲಿ ಗಂಟು ಕಂಡರೂ ಅದರೊಳಗೆ ಏನಿದೆ ಅಂತ ಕೇಳುವುದು, ಬೈಸಿಕೊಳ್ಳುವುದು, ಮತ್ತೆ ಕೇಳುವುದು. ಇಂಥವಳು ನ್ಯಾಯದ ಮನೆಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಮೇಷ್ಟ್ರು ಅವಳಿಗೂ ಒಂದು ಕೋಳಿ ತೆಗೆದಿಟ್ಟಿದ್ದ. ಅವಳು ಬೇಡ ಅಂದಳು. ತನ್ನ ಹತ್ತಿರ ಒಂದು ಗಂಟಿದೆ, ಅದು ಅಪ್ಪನ ಮೇಲಿನದು ಅಂದಳು. ಮೇಷ್ಟ್ರು ಇದ್ದೊಬ್ಬ ಅಪ್ಪನನ್ನು ಪರೀಕ್ಷೆಗೆ ಇಡುತ್ತೀಯಾ ಅಂತ ಕೇಳಿದ. ಬೇರೆ ದಾರಿ ಇಲ್ಲ ಅಂದಳು.

ಆ ಗಂಟು ಊರಿಗೆಲ್ಲ ಗೊತ್ತಿದ್ದದ್ದೇ. ಬಣ್ಣಗಾರನಿಗೆ ಇಬ್ಬರು ಹೆಣ್ಣುಮಕ್ಕಳು, ಹೆಂಡತಿ ಇಲ್ಲ. ದೊಡ್ಡವಳು ಯಾರಿಗೂ ಹೇಳದೆ ಉಪ್ಪಿನ ಗಾಡಿಯವನೊಬ್ಬನ ಜೊತೆ ಹೋದಳು. ಕೆಲವು ಕಾಲದ ಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಒಬ್ಬಳೇ ಬಂದು ತವರಿನ ಬಾಗಿಲು ಬಡಿದಳು. ಬಾಗಿಲು ತೆರೆಯಲಿಲ್ಲ. ಬಡಿದಳು, ಕಾದಳು, ಹೊರಟು ಹೋದಳು. ಆಮೇಲೆ ಅವಳ ಸುದ್ದಿಯೇ ಇಲ್ಲ. ಚಿಕ್ಕವಳು ಆಗಿನ್ನೂ ಹಾಲುಹಲ್ಲು ಬೀಳುವ ಮಗು, ಅಟ್ಟದ ಮೇಲೆ ಕೂತು ನೂಲು ಬಿಡಿಸುತ್ತಿದ್ದಳು. ಬಡಿದ ಸದ್ದು ಅವಳಿಗೆ ಕೇಳಿಸಿತ್ತು. ಬೆಳಿಗ್ಗೆ ಎದ್ದು ತನ್ನ ಲಂಗದ ಅಂಚಿಗೆ ಅಪ್ಪನ ಹೆಸರಿನಲ್ಲಿ ಗಂಟು ಹಾಕಿದಳು. ಅಪ್ಪ ನೋಡಿದ, ಏನೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲವಲ್ಲ.

ಅಂದಿನಿಂದ ಆ ಮನೆಯಲ್ಲಿ ಅಕ್ಕನ ಮಾತಿಲ್ಲ. ಅಪ್ಪ ಮಗಳು ಒಟ್ಟಿಗೆ ಉಂಡರು, ಒಟ್ಟಿಗೆ ಬಟ್ಟೆ ಹಿಂಡಿದರು, ಜ್ವರ ಬಂದಾಗ ಒಬ್ಬರ ಹಣೆ ಒಬ್ಬರು ಮುಟ್ಟಿ ನೋಡಿದರು. ಅಪ್ಪನಿಗೆ ಮಗಳೆಂದರೆ ಜೀವ. ಮಗಳಿಗೂ ಅಷ್ಟೇ, ಆದರೆ ಪ್ರತಿ ಹೊಸ ಸೀರೆಗೂ ಆ ಅಂಚನ್ನು ಹೊಲಿದುಕೊಳ್ಳುವುದನ್ನು ಅವಳು ಮರೆಯಲಿಲ್ಲ.

ಎದುರಾಳಿಯನ್ನು ಪರೀಕ್ಷೆಗೆ ಕರೆಯುವುದು ವೀಳ್ಯ ಕೊಟ್ಟು. ಅವಳು ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟು ಅಪ್ಪನ ಮುಂದೆ ಹಿಡಿದಳು. ಬಣ್ಣಗಾರ ಎಲೆ ತೆಗೆದುಕೊಂಡ, ಹಿತ್ತಲಿಗೆ ಹೋದ. ಮಾರನೆಯ ದಿನ ಊಟದ ಹೊತ್ತಿಗೆ ತನ್ನ ಮಣೆಯನ್ನು ಮಗಳಿಗೆ ಬಿಟ್ಟು ಅವಳ ಜಾಗದಲ್ಲಿ ಕೂತ. ಅದು ನಮ್ಮೂರ ಪದ್ಧತಿ. ಪರೀಕ್ಷೆಗೆ ತಯಾರಾಗುವವರು ಎದುರಾಳಿಯ ಮಣೆಯ ಮೇಲೆ ಕೂತು ಉಣ್ಣಬೇಕು, ಎದುರಾಳಿಯ ಕೆಲಸ ಮಾಡಬೇಕು. ಯಾರನ್ನು ಬೇಕಾದರೂ ಏನು ಬೇಕಾದರೂ ಕೇಳಬಹುದು, ಎದುರಾಳಿಯನ್ನು ಮಾತ್ರ ಕೇಳಬಾರದು.

ಮೇಷ್ಟ್ರು ಅವಳಿಗೆ ಮಾತು ಸಿದ್ಧ ಮಾಡಿಕೊಟ್ಟ. ಅಪ್ಪಂದಿರ ಗಂಟಿಗೆಲ್ಲ ಒಂದೇ ಮದ್ದು, ಮರ್ಯಾದೆ ಅಂದ. ಮನೆಯ ಮರ್ಯಾದೆಗಾಗಿ ಕಲ್ಲಾದೆ, ಮಗಳಿಗಿಂತ ಮಾತು ದೊಡ್ಡದೆಂದುಕೊಂಡೆ ಅಂತ ದನಿ ನಡುಗಿಸಿ ಹೇಳು, ಯಾವ ಅಪ್ಪನಾದರೂ ತಲೆ ಆಡಿಸುತ್ತಾನೆ ಅಂದ. ಊರೂ ಹಾಗೇ ನಂಬಿತ್ತು. ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ. ಹುಡುಗಿ ಆ ಮಾತನ್ನು ಬಾಯಿಪಾಠ ಮಾಡಿದಳು. ನೀಲಿ ಹಂಡೆಯ ಮುಂದೆ ಕೂತು, ಅಪ್ಪನ ಹಾಗೆ ಪಂಚೆ ಬಿಗಿದು, ಬಟ್ಟೆ ಅದ್ದುತ್ತಾ ಹೇಳಿಕೊಂಡಳು. ಮರ್ಯಾದೆಗಾಗಿ ಕಲ್ಲಾದೆ. ಮರ್ಯಾದೆಗಾಗಿ ಕಲ್ಲಾದೆ.

ಆದರೆ ಹೇಳುತ್ತಾ ಹೇಳುತ್ತಾ ಅವಳಿಗೆ ಒಂದು ಅನುಮಾನ ಹುಟ್ಟಿತು. ಈ ಹಿಂದೆ ಗಂಡ ಸತ್ತ ಹೆಂಗಸೊಬ್ಬಳು ಹಸಿರು ಸೀರೆ ಉಡಬೇಕೆಂದು ಆಸೆಪಟ್ಟಾಗ ಊರಿನ ಬೇರೆ ಯಾವ ಬಣ್ಣಗಾರನೂ ಒಪ್ಪಿರಲಿಲ್ಲ. ಈ ಹುಡುಗಿಯ ಅಪ್ಪ ಹಾಡುಹಗಲೇ ಅದ್ದಿಕೊಟ್ಟಿದ್ದ. ಜನ ಅಂದರು, ಆಡಿಕೊಂಡರು. ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಇಂಥ ಮನುಷ್ಯ ಸ್ವಂತ ಮಗಳ ವಿಷಯದಲ್ಲಿ ಊರಿಗೆ ಹೆದರಿದ ಅಂದರೆ ಹೇಗೆ ಹೊಂದುತ್ತದೆ? ಅವಳು ಮೇಷ್ಟ್ರನ್ನು ಕೇಳಿದಳು. ಹೊಂದದಿದ್ದರೆ ಬಿಡು, ತಲೆ ಆಡಿಸಿದರೆ ಸಾಕು ಅಂದ ಮೇಷ್ಟ್ರು. ಅವಳಿಗೆ ಸಾಕಾಗಲಿಲ್ಲ. ಮರ್ಯಾದೆ ಅಲ್ಲದಿದ್ದರೆ ಇನ್ನೇನು ಅಂತ ಅವಳ ತಲೆಯೊಳಗೆ ಹುಳ ಬಿಟ್ಟಂತಾಯಿತು. ಊಟಕ್ಕೆ ಕೂತರೂ ಅದೇ, ಬಟ್ಟೆ ಹಿಂಡಿದರೂ ಅದೇ.

ನೀಲಿಯ ಕೆಲಸ ಹೇಗೆಂದರೆ, ಹಂಡೆಯಲ್ಲಿ ಅದ್ದಿದ ಬಟ್ಟೆಯನ್ನು ನಡುವೆ ಕೈಬಿಡುವ ಹಾಗಿಲ್ಲ. ಬಿಟ್ಟರೆ ಪಟ್ಟೆ ಪಟ್ಟೆಯಾಗಿ ಕೆಡುತ್ತದೆ. ನಿಧಾನವಾಗಿ ಮುಳುಗಿಸಬೇಕು, ನಿಧಾನವಾಗಿ ಎತ್ತಬೇಕು. ಎತ್ತಿದಾಗ ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆ ನೋಡ ನೋಡುತ್ತಾ ನೀಲಿಯಾಗುತ್ತದೆ. ಹಂಡೆಗೆ ಸುಣ್ಣವೂ ಬೇಕು, ಅದನ್ನು ಅಪ್ಪ ತಿಂಗಳಿಗೊಮ್ಮೆ ಉಪ್ಪಿನ ಗಾಡಿಗಳ ದಾರಿ ಹಿಡಿದು ಹೋಗಿ ತರುತ್ತಿದ್ದ. ಇನ್ನೊಂದು, ಬಣ್ಣಗಾರರು ಕೈ ತೊಳೆಯದೆ ಮನೆಯೊಳಗಿನ ಯಾವ ವಸ್ತುವನ್ನೂ ಮುಟ್ಟುವುದಿಲ್ಲ. ಮುಟ್ಟಿದರೆ ಕಲೆ ಹೋಗುವುದಿಲ್ಲ. ಅಪ್ಪ ಇದನ್ನು ಅವಳಿಗೆ ಅನ್ನ ಉಣ್ಣುವುದನ್ನು ಕಲಿಸುವ ಮೊದಲೇ ಕಲಿಸಿದ್ದ.

ಒಂದು ಮಧ್ಯಾಹ್ನ ಅಪ್ಪ ಸಂತೆಗೆ ಹೋಗಿದ್ದ. ಅವಳು ಹಂಡೆಯೊಳಗೆ ಮೊಣಕೈವರೆಗೆ ಕೈ ಮುಳುಗಿಸಿ ಕೂತಿದ್ದಾಗ ಮುಂಬಾಗಿಲು ಬಡಿದ ಸದ್ದಾಯಿತು. ಬಂದೆ ಅಂದಳು. ಬಟ್ಟೆ ಇನ್ನೂ ಅರ್ಧ ನೀರಿನಲ್ಲಿತ್ತು. ಇದೊಂದು ಎತ್ತಿಬಿಡೋಣ, ಯಾರೇ ಆಗಲಿ ಕಾಯುತ್ತಾರೆ ಅಂದುಕೊಂಡಳು. ಮತ್ತೆ ಬಡಿದರು. ಕಾಯುತ್ತಾರೆ ಅಂದುಕೊಂಡಳು. ಸದ್ದು ನಿಂತಿತು. ಎದ್ದು ಕೈ ಸಹ ತೊಳೆಯದೆ ಓಡಿ ಹೋಗಿ ಅಗುಳಿಯ ಮೇಲಿನ ಹಲಗೆಗೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಅಗುಳಿ ಎಳೆದಳು. ಎಳೆದವಳು ತನ್ನ ಕೈ ಊರಿದ ಜಾಗ ನೋಡಿ ಹಾಗೇ ನಿಂತಳು. ಅವಳ ಹಸಿ ನೀಲಿ ಅಂಗೈಯ ಸುತ್ತ, ಎಣ್ಣೆ ಮಸಿ ಹಿಡಿದ ಮರದಲ್ಲಿ, ಇನ್ನೊಂದು ಹಳೆಯ ನೀಲಿ ಅಂಗೈ ಇತ್ತು. ಅದು ಅವಳದಕ್ಕಿಂತ ದೊಡ್ಡದು.

ಬಾಗಿಲಲ್ಲಿ ಇದ್ದವಳು ಎದುರುಮನೆಯ ಹಪ್ಪಳದಮ್ಮ, ಇಸಕೊಂಡು ಹೋಗಿದ್ದ ಪಾತ್ರೆ ಕೊಡಲು ಬಂದಿದ್ದಳು. ಎಷ್ಟು ಹೊತ್ತೇ ತಾಯಿ, ಹೊರಟೇಬಿಡುತ್ತಿದ್ದೆ ಅಂತ ಗೊಣಗಿದಳು. ಹುಡುಗಿ ಅವಳನ್ನು ಒಳಗೆ ಎಳೆದು ಕೂರಿಸಿ, ಅಕ್ಕ ಬಂದ ಸಂಜೆ ನೀನು ಎಲ್ಲಿದ್ದೆ, ಏನು ಕೇಳಿಸಿತು ಅಂತ ಬಿಡದೆ ಕೇಳಿದಳು. ಹಪ್ಪಳದಮ್ಮ ಮೊದಲು ಹಿಂದೆಮುಂದೆ ನೋಡಿದಳು. ಆಮೇಲೆ ಹೇಳಿದಳು. ಜಗಲಿಯ ಮೇಲೆ ಹಪ್ಪಳ ಬಾಚುತ್ತಿದ್ದಳಂತೆ. ದೊಡ್ಡ ಹುಡುಗಿ ಬಡಿದದ್ದೂ ಕೇಳಿಸಿತಂತೆ, ಹಿತ್ತಲಿಂದ ಬಣ್ಣಗಾರ ಎರಡು ಸಲ ಪುಟ್ಟೀ, ಪುಟ್ಟೀ ಅಂತ ಕೂಗಿದ್ದೂ ಕೇಳಿಸಿತಂತೆ. ದೊಡ್ಡವಳು ಓಣಿ ತಿರುಗಿ ಹೋದ ಮೇಲೆ ಬಾಗಿಲು ತೆರೆಯಿತು, ಬಣ್ಣಗಾರ ನೀಲಿ ಕೈಯಲ್ಲಿ ಬೀದಿಗೆ ಓಡಿಬಂದ ಅಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, ಹೇಳಬೇಡ ಅಂತ ನಿನ್ನಪ್ಪನೇ ಕೈ ಮುಗಿದಿದ್ದ ಅಂದಳು.

ಪುಟ್ಟಿ ಅಂದರೆ ಈ ಹುಡುಗಿಯೇ.

ಹಪ್ಪಳದಮ್ಮ ಹೋದ ಮೇಲೆ ಅವಳು ಅಟ್ಟ ಹತ್ತಿ ಹಳೆಯ ಜಾಗದಲ್ಲಿ ಕೂತಳು. ಕೂಗು ನೆನಪಿತ್ತು. ಯಾವಾಗಲೂ ನೆನಪಿತ್ತು. ಅಕ್ಕನ ಕಥೆಯನ್ನು ತನಗೆ ತಾನೇ ಹೇಳಿಕೊಳ್ಳುವಾಗಲೆಲ್ಲ ಬಡಿತದಿಂದ ನೇರವಾಗಿ ಬೆಳಗಿಗೆ ಹೋಗಿಬಿಡುತ್ತಿದ್ದಳು, ನಡುವಿನ ಕೂಗಿಗೆ ಅಲ್ಲಿ ಜಾಗವೇ ಇರಲಿಲ್ಲ. ಅಕ್ಕ ತನಗೊಂದು ಮಾತೂ ಹೇಳದೆ ಹೋಗಿದ್ದಳು ಅಂತ ಆ ಮಗುವಿಗೆ ಸಿಟ್ಟಿತ್ತು. ಬಡಿತ ಕೇಳಿದ ಕೂಡಲೇ ಅಕ್ಕನದೇ ಅಂತ ಗೊತ್ತಾಗಿತ್ತು. ಸ್ವಲ್ಪ ಕಾಯಲಿ ಅಂತ ನೂಲು ಬಿಡಿಸುತ್ತಾ ಕೂತಿತ್ತು. ಕೆಳಗೆ ಅಪ್ಪ, ಪುಟ್ಟಿ ತೆಗೆಯುತ್ತಾಳೆ ಅಂದುಕೊಂಡ. ಮೇಲೆ ಪುಟ್ಟಿ, ಅಪ್ಪ ತೆಗೆಯುತ್ತಾನೆ ಅಂದುಕೊಂಡಳು. ಅವಳಿಗೆ ಅಳು ಬಂತು, ತಡೆಯದೆ ಅತ್ತಳು.

ಪರೀಕ್ಷೆಗೆ ಮುಂಚೆ ಕೊನೆಯ ಸಲ ಅವಳು ಮೇಷ್ಟ್ರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಒಳ್ಳೆಯವನೇ, ಕೆಟ್ಟವನೇನಲ್ಲ. ಅವಳನ್ನು ಕೂರಿಸಿ ನೀರು ಕೊಟ್ಟ. ಆದರೆ ಬುದ್ಧಿ ಹೇಳಿದ. ನೋಡಮ್ಮ, ಇಷ್ಟು ವರ್ಷ ಆ ಮನುಷ್ಯ ಕಟುಕ ಅನ್ನಿಸಿಕೊಂಡು ಬದುಕಿದ್ದಾನೆ, ನಿನ್ನ ಹೆಸರು ಹೊರಗೆ ಬರಬಾರದು ಅಂತ. ನೀನು ಮರ್ಯಾದೆ ಅಂದರೆ ಅವನು ಸಂತೋಷವಾಗಿ ಬಿಚ್ಚುತ್ತಾನೆ, ನೀನು ಒಳಗೆ ಹೋಗುತ್ತೀಯ. ನಿಜ ಹೇಳಿದರೆ ಅವನು ಹೌದು ಅಂತಾನಾ? ಹೌದು ಅಂದರೆ ತಪ್ಪನ್ನು ಮಗುವಿನ ಮೇಲೆ ಹಾಕಿದಂತಾಗುತ್ತೆ. ಅವನು ಅನ್ನುವುದಿಲ್ಲ. ಕತ್ತರಿ ಬೀಳುತ್ತೆ, ಇನ್ನು ನಿನಗೆ ಅಪ್ಪ ಅನ್ನುವ ಮಾತಿಲ್ಲ. ಯೋಚನೆ ಮಾಡು ಅಂದ.

ಅವಳು ಯೋಚನೆ ಮಾಡಿದಳು. ಅಪ್ಪನಿಗೆ ಅನ್ನ ಬಡಿಸುವಾಗ, ಇದೇ ಕೊನೆಯ ಸಲ ಮಾತಾಡುವುದೇನೋ ಅಂತ ಬೇಕೆಂದೇ ಎರಡೆರಡು ಸಲ ಸಾಕಾ ಅಂತ ಕೇಳಿದಳು. ಸಾಕು ಅಂದ ಅಪ್ಪ. ಆ ಸಾಕು ಅನ್ನುವ ದನಿಯೂ ಬೇಕು ಅನ್ನಿಸಿತು ಅವಳಿಗೆ. ಬಹಳ ಹೆದರಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ಊರೆಲ್ಲ ಮೆಟ್ಟಿಲ ಕೆಳಗೆ ಸೇರಿತ್ತು. ಮೇಲೆ ತೀರ್ಪು ಹೇಳುವ ಮೂವರು ಕೇಳುವವರು ಕೂತಿದ್ದರು, ನಡುವೆ ಒಬ್ಬ ಮುದುಕಿ. ಪಕ್ಕದಲ್ಲಿ ಕತ್ತರಿಯವನು, ಅವನ ಪಕ್ಕದಲ್ಲಿ ಒಲೆ. ಮಜ್ಜಿಗೆಯವರು ಬಂದರು, ಬಿಚ್ಚಿಸಿಕೊಂಡರು, ಒಳಗೆ ಹೋದರು. ಕೋಳಿಯವರು ಬಂದರು, ಬಿಚ್ಚಿಸಿಕೊಂಡರು, ಒಳಗೆ ಹೋದರು. ಮುದುಕಿ ಆಕಳಿಸುತ್ತಿದ್ದಳು.

ಆಮೇಲೆ ಬಣ್ಣಗಾರನ ಮಗಳನ್ನು ಕರೆದರು. ಅಪ್ಪ ಅವಳ ಸೆರಗಿನ ತುದಿಯನ್ನು ಕೈಯಲ್ಲಿ ಹಿಡಿದು ಎದುರಿಗೆ ನಿಂತ. ಅವನ ಮುಖ ಶಾಂತವಾಗಿತ್ತು. ಮಗಳು ಏನು ಹೇಳುತ್ತಾಳೆ ಅಂತ ಅವನಿಗೆ ಗೊತ್ತಿದೆ ಅನ್ನುವ ಹಾಗಿತ್ತು, ತಲೆ ಆಡಿಸಲು ಸಿದ್ಧವಾಗಿಯೇ ಬಂದಿದ್ದ.

ಅವಳು ಅವನಾಗಿ ಮಾತಾಡಿದಳು. ದನಿ ನಡುಗಿಸಲಿಲ್ಲ.

"ನಾನು ಬಣ್ಣಗಾರ. ನನ್ನ ದೊಡ್ಡ ಮಗಳು ಬಂದು ಬಾಗಿಲು ಬಡಿದಾಗ ನನ್ನ ಕೈ ಹಂಡೆಯೊಳಗಿತ್ತು. ಯಾರದೋ ಪಂಚೆ ಅದ್ದುತ್ತಿದ್ದೆ. ಇದೊಂದು ಎತ್ತಿಬಿಡೋಣ, ನನ್ನ ಮಗಳಲ್ಲವಾ, ಕಾಯ್ತಾಳೆ ಅಂದುಕೊಂಡೆ. ನನಗೆ ಸಿಟ್ಟಿರಲಿಲ್ಲ. ಮರ್ಯಾದೆಯ ಯೋಚನೆಯೂ ಇರಲಿಲ್ಲ. ಅವಳು ಬಂದಳಲ್ಲ ಅಂತ ಸಂತೋಷವೇ ಆಗಿತ್ತು. ಅಟ್ಟದ ಮೇಲೆ ಚಿಕ್ಕವಳಿದ್ದಳು. ಪುಟ್ಟೀ ಅಂತ ಕೂಗಿದೆ, ಬಾಗಿಲು ತೆಗೀಲಿ ಅಂತ. ಎರಡು ಸಲ ಕೂಗಿದೆ. ಅವಳು ಇಳಿದು ಬರಲಿಲ್ಲ. ಕೈ ತೊಳೆಯದೆ ಓಡಿದೆ. ಅಷ್ಟರಲ್ಲಿ ಓಣಿ ಖಾಲಿಯಾಗಿತ್ತು. ಬೆಳಿಗ್ಗೆ ಚಿಕ್ಕವಳು ನನ್ನ ಮೇಲೆ ಗಂಟು ಹಾಕಿದಳು. ಹಾಕಿಕೊಳ್ಳಲಿ ಅಂದುಕೊಂಡೆ. ನಾನು ಬಿಡಿಸಿ ಹೇಳಿದ್ದರೆ ಆ ಗಂಟು ಅವಳ ಕೊರಳಿಗೇ ಬೀಳುತ್ತಿತ್ತು."

ಮುದುಕಿ ನೆಟ್ಟಗೆ ಕೂತಳು. ಇದು ನಿನ್ನ ಮಾತಾ ಅಂತ ಬಣ್ಣಗಾರನನ್ನು ಕೇಳಿದಳು.

ಬಣ್ಣಗಾರನ ಮುಖದ ಶಾಂತಿ ಹೋಗಿಬಿಟ್ಟಿತ್ತು. "ಇಲ್ಲ," ಅಂದ. "ಹಂಡೆಯದು ನನ್ನ ಮಾತು. ಕೊನೆಯದು ನನ್ನದಲ್ಲ. ಮಗು ಮಲಗಿತ್ತು."

"ಮಲಗಿರಲಿಲ್ಲ ಅಪ್ಪ."

"ಮಲಗಿತ್ತು. ದೀಪ ಹಚ್ಚೋ ಹೊತ್ತಿಗೆ ನಿನಗೆ ನಿದ್ದೆ ಬಂದುಬಿಡ್ತಿತ್ತು."

"ನೀನು ಕೂಗಿದ್ದು ಕೇಳಿಸಿತ್ತು. ಅಕ್ಕ ನನಗೆ ಹೇಳದೆ ಹೋಗಿದ್ದಳಲ್ಲ, ಕಾಯಲಿ ಅಂತ ಕೂತಿದ್ದೆ."

"ಅಷ್ಟುದ್ದದ ಮಗುವಿಗೆ ಏನು ಗೊತ್ತಾಗುತ್ತೆ? ಕೂಗಿದೋನು ನಾನು, ಏಳದೆ ಕೂತೋನೂ ನಾನು. ಒಂದು ಪಂಚೆ ಹಾಳಾಗುತ್ತೆ ಅಂತ."

"ಇಬ್ಬರೂ ಕೂತಿದ್ವಿ ಅಪ್ಪ."

"ನೀನು ಮಲಗಿದ್ದೆ," ಅಂದ ಅವನು, ಹಟ ಹಿಡಿದವನ ಹಾಗೆ.

ಹೀಗೆ ಇಬ್ಬರೂ ವಾದ ಮಾಡುತ್ತಾ ಹೋದರು. ಅಷ್ಟೊಂದು ವರ್ಷ ಮುಚ್ಚಿಟ್ಟ ಮಾತು ಎಲ್ಲರ ಮುಂದೆ ಹರಿಯುತ್ತಿತ್ತು, ಯಾರೂ ತಡೆಯಲಿಲ್ಲ. ಕತ್ತರಿಯವನು ಮಾತ್ರ ನಿಯಮ ಬಲ್ಲವನು. ಎದುರಾಳಿ ಇಲ್ಲ ಅಂದಮೇಲೆ ಇಲ್ಲ. ಎದ್ದು ಬಂದು, ಬಗ್ಗಿ, ಸೆರಗಿನ ತುದಿಗೆ ಕೈ ಹಾಕಿದ. ಹಾಕಿದವನು ಹಾಗೇ ನಿಂತ.

ಸೆರಗಿನಲ್ಲಿ ಗಂಟಿರಲಿಲ್ಲ.

ಯಾವಾಗ ಬಿಚ್ಚಿದನೋ ಬಣ್ಣಗಾರನಿಗೇ ಗೊತ್ತಿರಲಿಲ್ಲ. ಬಣ್ಣದಲ್ಲಿ ಚುಕ್ಕಿ ಮೂಡಲೆಂದು ಅದ್ದುವ ಮೊದಲು ಬಟ್ಟೆಗೆ ಬಿಗಿದ ಚುಕ್ಕಿಗಂಟುಗಳನ್ನು ದಿನಾ ಮಾತಾಡುತ್ತಲೇ ಬಿಚ್ಚಿ ಬಿಚ್ಚಿ ಅಭ್ಯಾಸವಾದ ಬೆರಳುಗಳು. ಬಾಯಿ ಇಲ್ಲ ಇಲ್ಲ ಅನ್ನುತ್ತಿದ್ದಾಗ ಅವು ತಮ್ಮ ಕೆಲಸ ಮುಗಿಸಿದ್ದವು. ಅವನು ತನ್ನ ಕೈಯನ್ನೇ ಬೇರೆಯವರ ಕೈಯೆಂಬಂತೆ ನೋಡಿಕೊಂಡ. ಕತ್ತರಿಯವನು ಕೇಳುವವರ ಕಡೆ ತಿರುಗಿದ. ಕತ್ತರಿಸಲು ಏನೂ ಇಲ್ಲದಿದ್ದರೆ ಹೋಗಿ ಕೂತುಕೋ, ಬಾಗಿಲು ತೆಗೆಯಲಿ ಅಂದಳು ಮುದುಕಿ. ಬಾಗಿಲು ತೆರೆಯಿತು.

ಹುಡುಗಿ ಆ ಕಡೆ ನೋಡಲಿಲ್ಲ. ಗಂಟಿದ್ದಷ್ಟು ಕಾಲ ಕೇಳಲಾಗದೆ ಇದ್ದದ್ದು, ಆಡಲಾಗದೆ ಇದ್ದದ್ದು ಎಲ್ಲ ಒಟ್ಟಿಗೆ ಬಾಯಿಗೆ ಬಂದು, ಕೊನೆಗೆ ಒಂದೇ ಮಾತು ಹೊರಟಿತು.

"ಅಪ್ಪ, ಅಕ್ಕನ್ನ ಹುಡುಕೋಣ."

ಬಣ್ಣಗಾರ ಸೆರಗಿನ ಸುಕ್ಕನ್ನು ಅಂಗೈಯಿಂದ ನೇವರಿಸುತ್ತಿದ್ದ.

"ತಿಂಗಳು ತಿಂಗಳೂ ಸುಣ್ಣ ತರೋಕೆ ಅಂತ ಉಪ್ಪಿನ ದಾರಿ ಹಿಡಿದು ಹೋಗ್ತೀನಲ್ಲ," ಅಂದ. "ಸುಣ್ಣ ನಮ್ಮೂರಲ್ಲೇ ಸಿಗುತ್ತೆ, ಪುಟ್ಟಿ."

ತೆರೆದ ಬಾಗಿಲಿಗೆ ಬೆನ್ನು ಮಾಡಿ ಅವಳು ಮೆಟ್ಟಿಲ ಮೇಲೆ ಕೂತಳು. ಕೈ ಹಿಡಿದು ಅವನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ಕೇಳುವವರು ಕಾದರು.

"ಹೇಳು ಅಪ್ಪ," ಅಂದಳು. "ಎಲ್ಲೆಲ್ಲಿ ಹುಡುಕಿದೆ?"